ಭಂಗಿ ಗಿಡಕ್ಕೊಂದು ಪರವಾನಗಿ

ಉತ್ತರದ ಬೆಟ್ಟಸೀಮೆಯ ಸಿಲ್‌ಖೇತ್ ಊರಿನಲ್ಲಿ ಭಂಗಿ ಗಿಡವಿಲ್ಲದ ಮನೆಯಿಲ್ಲ. ಆದರೆ ಅದನ್ನು ಬೆಳೆಸಿದವರು ಯಾರೆಂದು ಕೇಳಿದರೆ ಒಬ್ಬರೂ ಸಿಗುವುದಿಲ್ಲ. ಕೊಟ್ಟಿಗೆಯ ಹಿಂದೆ, ಸಗಣಿ ನೀರು ಹರಿದು ಮಣ್ಣು ಕಪ್ಪಗಾದ ಜಾಗದಲ್ಲಿ, ಮೊದಲ ಮಳೆ ಬಿದ್ದ ವಾರಕ್ಕೇ ಅದು ತಲೆಯೆತ್ತುತ್ತದೆ. ಭಾದ್ರಪದದ ಹೊತ್ತಿಗೆ ಆಳೆತ್ತರ. ಕಾಳು ಚಟ್ನಿಗೆ, ನಾರು ಹಗ್ಗಕ್ಕೆ, ಒಣಗಿದ ಕಡ್ಡಿ ಒಲೆಗೆ. ಹೊರಗಿನವರು ಯಾರಾದರೂ ಬೆರಳು ತೋರಿಸಿದರೆ, "ಅದಾ? ತಾನಾಗಿ ಬಂದದ್ದು" ಎನ್ನುತ್ತಾರೆ. ಜಮೀನಿನ ಲೆಕ್ಕ ಬರೆಯುವ ಪಟವಾರಿ ಕೇಳಿದರೂ ಅದೇ ಉತ್ತರ. ಪಟವಾರಿಯ ಮನೆಯ ಹಿಂದಿನದೂ ತಾನಾಗಿ ಬಂದದ್ದೇ ಆದ್ದರಿಂದ ಅವನು ಎರಡನೇ ಪ್ರಶ್ನೆ ಕೇಳುವುದಿಲ್ಲ. ಈ ಒಂದು ಮಾತಿನ ಆಸರೆಯಲ್ಲಿ ಊರು ತಲೆತಲಾಂತರದಿಂದ ನೆಮ್ಮದಿಯಾಗಿತ್ತು.

ಆ ನೆಮ್ಮದಿ ಕೆಡಿಸಿದವರು ಖೀಮಾನಂದ ಕಾಂಡಪಾಲರು. ಅವರು ಮಾಡಿದ ತಪ್ಪು ಇಷ್ಟೇ, ಅನುಮತಿ ಕೇಳಿದರು.

ಖೀಮಾನಂದರು ತೂಕ ಮತ್ತು ಅಳತೆಯ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು ಒಂದೂ ಕಪ್ಪುಚುಕ್ಕೆಯಿಲ್ಲದೆ ನಿವೃತ್ತರಾದವರು. ಅವರ ಮಟ್ಟಿಗೆ ಲೋಕದಲ್ಲಿ ಎರಡೇ ಬಗೆಯ ಕೆಲಸಗಳು: ಅನುಮತಿ ಪಡೆದು ಮಾಡಿದ್ದು, ಪಡೆಯದೆ ಮಾಡಿದ್ದು. ಒಮ್ಮೆ ತಮ್ಮದೇ ಅಂಗಳದ ಅಖ್ರೋಟ್ ಮರದ ಒಣ ಕೊಂಬೆ ಕಡಿಯಲು ಅರ್ಜಿ ಹಾಕಿದ್ದರು. ಉತ್ತರ ಬರುವ ಮೊದಲೇ ಕೊಂಬೆ ತಾನಾಗಿ ಬಿತ್ತು. ಬಿದ್ದಿದೆ ಎಂದು ಇನ್ನೊಂದು ಪತ್ರ ಬರೆದರು. ಬೀಳಿಸಿದವರು ಯಾರು ಎಂದು ಕೇಳಿ ಮೂರನೇ ಪತ್ರ ಬಂತು. ಅಂದಿನಿಂದ ಅವರ ಬಟ್ಟೆಯ ಚೀಲದಲ್ಲಿ ಖಾಲಿ ಅರ್ಜಿಗಳು ಸದಾ ಇರುತ್ತಿದ್ದವು. ತಮಗೊಂದು, ಎದುರಿಗೆ ಯಾರಿಗಾದರೂ ಬೇಕಾದರೆ ಇರಲಿ ಎಂದು ಇನ್ನೊಂದು.

ನಿವೃತ್ತಿಯ ನಂತರ ಅರ್ಜಿ ಹಾಕಲು ಏನೂ ಉಳಿಯದೆ ಅವರು ಬಾಡತೊಡಗಿದ್ದರು. ಅಂಥ ಹೊತ್ತಿನಲ್ಲಿ ಬೆಲ್ಲ ಕಟ್ಟಿ ತಂದ ಪತ್ರಿಕೆಯ ತುಂಡಿನಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಗುಡ್ಡಗಾಡಿನ ರೈತರು ಇನ್ನು ಭಂಗಿ ಬೆಳೆಯಲು ಪರವಾನಗಿ ಪಡೆಯಬಹುದು; ಸರ್ಕಾರ ಕೊಟ್ಟ ಬೀಜವನ್ನೇ ಬಿತ್ತಬೇಕು; ಗಿಡದಲ್ಲಿ ಅಮಲು ಬರಿಸುವ ಅಂಶ ಹೆಸರಿಗಷ್ಟೇ ಇರಬೇಕು; ಪರೀಕ್ಷೆಯಲ್ಲಿ ಹೆಚ್ಚೆಂದು ಕಂಡರೆ ಬೆಳೆ ಸುಟ್ಟು ಕೇಸು ಹಾಕಲಾಗುವುದು. ಖೀಮಾನಂದರು ಮೂರು ಸಲ ಓದಿದರು.

"ಕೇಳಿದೆಯಾ ಗೋವಿಂದಿ, ಇಷ್ಟು ವರ್ಷ ನಮ್ಮನೆ ಹಿಂದೆ ಪರವಾನಗಿ ಇಲ್ಲದೆ ಬೆಳೀತಾ ಇದೆ."

ಹೆಂಡತಿ ಗೋವಿಂದಿ ಗಡೇರಿ ಗೆಡ್ಡೆ ಹೆಚ್ಚುತ್ತಿದ್ದಳು. "ಪುದೀನಾನೂ ಬೆಳೀತಾ ಇದೆ. ಅದಕ್ಕೂ ಒಂದು ತಗೊಂಡ್ಬಿಡಿ" ಎಂದಳು.

ಗಂಡ ಇದನ್ನು ಒಪ್ಪಿಗೆಯೆಂದು ತಿಳಿದು ಮಾರನೆಯ ದಿನವೇ ಜಿಲ್ಲಾ ಕೇಂದ್ರದ ಬಸ್ಸು ಹತ್ತಿದರು.

ಪರವಾನಗಿ ಕಚೇರಿಯಲ್ಲಿ ಕೂತಿದ್ದವನು ಅವರನ್ನು ತಲೆಯಿಂದ ಕಾಲಿನ ತನಕ ನೋಡಿದ. ಆ ಕಡೆಯ ಹಳ್ಳಿಗಳಿಂದ ಈ ಕೆಲಸಕ್ಕೆ ಅಂತ ಬಂದ ಮೊದಲ ಮನುಷ್ಯ ಅವರೇ.

"ನಿಮ್ಮೂರಲ್ಲಿ ಭಂಗಿ ಇದೆಯಾ?"

ಇದೆ ಎಂದರೆ ಅಪರಾಧ, ಇಲ್ಲ ಎಂದರೆ ಸುಳ್ಳು. ಖೀಮಾನಂದರು "ತಾನಾಗಿ ಬಂದದ್ದು ಇದೆ" ಎಂದರು.

"ತಾನಾಗಿ ಬರ್ತಾ ಇದ್ರೆ ನಿಮಗೆ ಪರವಾನಗಿ ಯಾಕೆ?"

ಖೀಮಾನಂದರು ಉತ್ತರದ ಬದಲು ಅರ್ಜಿಯನ್ನು ಮುಂದೆ ಸರಿಸಿದರು. ಉತ್ತರವಿಲ್ಲದ್ದನ್ನು ಆತ ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡ. ಏಳು ಸಲ ಓಡಾಡಿದ ಮೇಲೆ ಪರವಾನಗಿ ಕೈಗೆ ಬಂತು, ದುಂಡು ಮುದ್ರೆ, ಹಸಿರು ಶಾಯಿಯ ಸಹಿ. ಖೀಮಾನಂದರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಹಾಕಿದರು. ಅಷ್ಟಕ್ಕೇ ಬಿಟ್ಟಿದ್ದರೆ ಊರು ಸಹಿಸಿಕೊಳ್ಳುತ್ತಿತ್ತೇನೋ. ಅವರು ದಾರಿಯ ಬದಿಗೆ ಬೋರ್ಡನ್ನೂ ನೆಟ್ಟರು: 'ಸರ್ಕಾರದಿಂದ ಪರವಾನಗಿ ಪಡೆದ ಭಂಗಿ ಕೃಷಿ. ಅನುಮತಿ ಇಲ್ಲದೆ ಒಳಗೆ ಬರಬಾರದು.'

ಬಸ್ಸು ನಿಲ್ಲುವ ತಿರುವಿನಲ್ಲಿ ಪದ್ಮಾದತ್ತ ಲೋಹನಿಯ ಚಹಾದಂಗಡಿ. ಪದ್ಮಾದತ್ತ ಖೀಮಾನಂದರ ಪಕ್ಕದ ಮನೆಯವನು, ಅವರಿಗಿಂತ ನಾಲ್ಕು ವರ್ಷಕ್ಕೆ ಕಿರಿಯ, ಅವರನ್ನು ದಾಜ್ಯು ಎಂದೇ ಕರೆಯುತ್ತಾನೆ. ಅಣ್ಣ ಎನ್ನುವ ಗೌರವ ಮಾತಿನಲ್ಲಿ ತಪ್ಪದು, ಮನಸ್ಸಿನಲ್ಲಿ ಇದ್ದೇ ಇರಬೇಕೆಂದಿಲ್ಲ. ಅಂದು ಅಂಗಡಿಯಲ್ಲಿ ಹಾಲು ಉಕ್ಕಿ ಚೆಲ್ಲಿದರೂ ಯಾರೂ ನೋಡಲಿಲ್ಲ.

"ಸುಮ್ಮನೆ ಬರೋದಕ್ಕೆ ಯಾರಾದ್ರೂ ಅನುಮತಿ ಕೇಳ್ತಾರಾ?" ಎಂದ ಪದ್ಮಾದತ್ತ. "ನಾಳೆ ನಾನು ಉಸಿರಾಡೋಕೆ ಅರ್ಜಿ ಹಾಕಿದೆ ಅನ್ನಿ. ನೀವು ಏನಂತೀರಿ? ಇವನ ಉಸಿರಲ್ಲಿ ಏನೋ ಇದೆ ಅಂತೀರಿ."

"ಬೋರ್ಡ್ ಬೇರೆ ಹಾಕಿದ್ದಾರೆ" ಎಂದಿತು ಒಂದು ದನಿ.

"ಬೋರ್ಡ್ ಯಾರು ಹಾಕ್ತಾರೆ? ಮುಚ್ಚಿಡೋಕೆ ಏನಾದ್ರೂ ಇರೋರು ಹಾಕ್ತಾರೆ."

ಇದರ ಮೇಲೆ ಇನ್ನೊಂದು ಸುದ್ದಿ ಹಬ್ಬಿತು. ಪರವಾನಗಿಯ ಹೊಲದ ಸುತ್ತಮುತ್ತ ಬೇರೆ ಭಂಗಿ ಇರಕೂಡದಂತೆ, ಪರಾಗ ಹಾರಿಬಂದು ಜಾತಿ ಕೆಡುತ್ತದಂತೆ, ಆದ್ದರಿಂದ ಸರ್ಕಾರ ಊರಿನ ಗಿಡವನ್ನೆಲ್ಲ ಕಿತ್ತುಹಾಕುತ್ತದಂತೆ. ಸುದ್ದಿ ಪೂರ್ತಿ ಸುಳ್ಳಾಗಿರಲಿಲ್ಲ. ಅಂಥದೊಂದು ಷರತ್ತು ಪರವಾನಗಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು. ಭಂಗಿ ಕಾಳಿಲ್ಲದೆ ಚಳಿಗಾಲ ಕಳೆಯುವುದು ಹೇಗೆ ಎಂದು ಹೆಂಗಸರು ಕಂಗಾಲಾದರು. ಗೋವಿಂದಿಯ ಜೊತೆ ಮಾತು ಕಡಿಮೆಯಾಯಿತು. ನೀರಿನ ನಲ್ಲಿಯ ಹತ್ತಿರ ಅವಳು ಬಂದರೆ ಎಲ್ಲರ ಬಿಂದಿಗೆಗಳೂ ಬೇಗ ತುಂಬತೊಡಗಿದವು.

ಖೀಮಾನಂದರದು ಮೃದು ಹೃದಯ. ಊರಿನ ಗಿಡ ಉಳಿಯಲಿ, ತಮ್ಮ ಷರತ್ತೂ ಉಳಿಯಲಿ ಎಂದು ಅವರು ಒಂದು ಉಪಾಯ ಮಾಡಿದರು. ಮೂರು ವರ್ಷದ ಹಿಂದೆ ದಪ್ಪ ಮೆಣಸಿನಕಾಯಿ ಬೆಳೆಯಲೆಂದು ಸಬ್ಸಿಡಿಯಲ್ಲಿ ಕಟ್ಟಿಸಿದ ಪಾಲಿಹೌಸು ಮನೆಯ ಕೆಳಗಿನ ಹೊಲದಲ್ಲಿತ್ತು. ಅದರಲ್ಲಿ ಒಟ್ಟು ಮೂರು ಮೆಣಸಿನಕಾಯಿ ಬಿಟ್ಟು, ಎರಡನ್ನು ಮಂಗ ತಿಂದಿತ್ತು. ಈಗ ಹರಿದ ಪ್ಲಾಸ್ಟಿಕ್ಕಿಗೆ ತೇಪೆ ಹಾಕಿ, ಬಾಗಿಲಿಗೆ ಬೀಗ ಜಡಿದು, ಸರ್ಕಾರಿ ಭಂಗಿಯನ್ನು ಒಳಗೇ ಬೆಳೆಯುವುದೆಂದು ನಿಶ್ಚಯಿಸಿದರು. ಒಳಗಿನ ಪರಾಗ ಒಳಗೆ, ಹೊರಗಿನದು ಹೊರಗೆ.

ಊರು ಇದನ್ನು ನೋಡಿದ್ದು ಬೇರೆ ಥರ.

"ಬಯಲಲ್ಲಿ ಬೆಳೆಯೋದನ್ನ ಬೀಗ ಹಾಕಿ ಬೆಳೆಸ್ತಾರೆ ಅಂದ್ರೆ" ಎಂದು ಶುರುಮಾಡಿದ ಪದ್ಮಾದತ್ತ ವಾಕ್ಯವನ್ನು ಮುಗಿಸಲಿಲ್ಲ. ಮುಗಿಸದಿದ್ದದ್ದೇ ಹೆಚ್ಚು ಪರಿಣಾಮಕಾರಿಯಾಯಿತು.

ಸರ್ಕಾರಿ ಬೀಜ ಸೀಲು ಹಾಕಿದ ತಗಡಿನ ಡಬ್ಬಿಯಲ್ಲಿ ಬಂತು. ಖೀಮಾನಂದರು ಅದನ್ನು ಕಣ್ಣಿಗೊತ್ತಿಕೊಂಡು ತಾಯಿಯ ಕೈಗೆ ಕೊಟ್ಟರು. ಆಮಾಗೆ ಎಂಬತ್ತನಾಲ್ಕು ವರ್ಷ. ಊರಿಗೆಲ್ಲ ಅಜ್ಜಿಯಾದ್ದರಿಂದ ಮಗನೂ ಅವರನ್ನು ಆಮಾ ಎಂದೇ ಕರೆಯುತ್ತಿದ್ದರು. ಮನೆಯ ಭಂಗಿ ಕಾಳನ್ನು ತಮ್ಮ ಅತ್ತೆಯಿಂದ ಪಡೆದು ಒಣ ಸೋರೆ ಬುರುಡೆಯಲ್ಲಿ ಕಾಪಾಡಿಕೊಂಡು ಬಂದವರು ಅವರೇ. ಆಮಾ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಕಬ್ಬಿಣದ ಹೆಂಚಿನ ಮೇಲೆ ಹಾಕಿದರು. ಕಾಳು ಸಿಡಿಯಲಿಲ್ಲ. ವಾಸನೆಯೂ ಏಳಲಿಲ್ಲ. ಬಾಯಿಗೆ ಹಾಕಿಕೊಂಡು ಜಗಿದು, ಒಲೆಯ ಬೂದಿಗೆ ಉಗುಳಿದರು.

"ಖೀಮ, ಇದನ್ನ ಯಾರು ಕೊಟ್ಟಿದ್ದು?"

"ಸರ್ಕಾರ, ಆಮಾ."

"ಸರ್ಕಾರದ ಮನೇಲಿ ಅಡುಗೆ ಮಾಡೋರು ಯಾರೂ ಇಲ್ವಾ?" ಎಂದು ಕೇಳಿ ಆಮಾ ಸುಮ್ಮನಾದರು. ಅವರು ಸುಮ್ಮನಾದರೆ ಮನೆಯಲ್ಲಿ ಎಲ್ಲರೂ ಹೆದರಬೇಕು. ಆದರೆ ಖೀಮಾನಂದರಿಗೆ ಅಂದು ಬೋರ್ಡಿಗೆ ಎರಡನೇ ಸಲ ಬಣ್ಣ ಬಳಿಯುವ ಗಡಿಬಿಡಿ. ಎರಡು ದಿನ ಬಿಟ್ಟು ತಾಯಿಯೇ ಡಬ್ಬಿ ತಂದುಕೊಟ್ಟಾಗ, ಮುಹೂರ್ತ ನೋಡಿ ಬಿತ್ತಿದರು.

ಬೆಳೆ ಬಂದದ್ದು ಅದ್ಭುತವಾಗಿ. ಬೆಚ್ಚಗಿನ ಪ್ಲಾಸ್ಟಿಕ್ಕಿನೊಳಗೆ ಗಿಡಗಳು ಎರಡೇ ತಿಂಗಳಲ್ಲಿ ಸೂರು ಮುಟ್ಟಿ, ಮುಂದೆ ಹೋಗಲು ದಾರಿ ಕಾಣದೆ ಅಡ್ಡ ಬಾಗಿದವು. ಖೀಮಾನಂದರು ಪ್ರತಿ ಗಿಡಕ್ಕೂ ತಗಡಿನ ಬಿಲ್ಲೆ ಕಟ್ಟಿ ಅಂಕಿ ಬರೆದಿದ್ದರು. ದಿನಾ ಬೆಳಿಗ್ಗೆ ಒಳಗೆ ಹೋಗಿ ಒಂದರಿಂದ ಮುನ್ನೂರ ಹನ್ನೆರಡರ ತನಕ ಗಟ್ಟಿಯಾಗಿ ಹಾಜರಿ ಕೂಗುವರು. ಹಾಜರಿಗೆ ಯಾರೂ ಓಗೊಡದಿದ್ದರೂ ಬಿಡುವರಲ್ಲ. ಹೊರಗೆ ಹುಲ್ಲಿನ ಹೊರೆ ಹೊತ್ತು ಹೋಗುವ ಹೆಂಗಸರು ನಿಂತು ಕೇಳಿ, ಸೆರಗು ಬಾಯಿಗಿಟ್ಟುಕೊಂಡು ಮುಂದೆ ಸಾಗುವರು.

ಹೂ ಬಿಡುವ ಕಾಲಕ್ಕೆ ಹೊಸ ತೊಂದರೆ ಬಂತು. ಪಾಲಿಹೌಸಿನೊಳಗೆ ಗಾಳಿಯಿಲ್ಲ. ಗಾಳಿಯಿಲ್ಲದೆ ಗಂಡು ಗಿಡದ ಪರಾಗ ಹೆಣ್ಣು ಗಿಡ ತಲುಪುವುದಿಲ್ಲ, ತಲುಪದಿದ್ದರೆ ಕಾಳು ಕಟ್ಟುವುದಿಲ್ಲ. ಖೀಮಾನಂದರು ಗೋವಿಂದಿಯ ಮೊರ ತೆಗೆದುಕೊಂಡು, ಮೂಗಿಗೆ ಪಂಚೆಯ ತುಂಡು ಕಟ್ಟಿ, ಒಳಗೆ ಹೋಗಿ ಗಂಡು ಗಿಡಗಳಿಗೆ ಗಾಳಿ ಬೀಸತೊಡಗಿದರು. ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಪ್ಲಾಸ್ಟಿಕ್ಕಿನ ಮೇಲೆ ಅವರ ನೆರಳು ಅತ್ತಿಂದಿತ್ತ ಕುಣಿಯುತ್ತಿತ್ತು, ಕೈಯಲ್ಲಿ ಮೊರ, ನಡುನಡುವೆ ಆಕಾಶ ಹರಿಯುವಂಥ ಸೀನು. ಅರ್ಧ ಗಂಟೆಯ ನಂತರ ಬಾಗಿಲು ತೆರೆದು ಹೊರಬಿದ್ದಾಗ ತಲೆಯಿಂದ ಕಾಲಿನ ತನಕ ಹಳದಿ ಪುಡಿ, ಕಣ್ಣೆರಡೂ ಕೆಂಡ, ಹೆಜ್ಜೆ ಓರೆ. ಜೊತೆಗೆ ಆ ತೆರೆದ ಬಾಗಿಲಿನಿಂದ ಎದ್ದ ವಾಸನೆ ಇಡೀ ಓಣಿಯನ್ನು ಹಿಡಿದು ಬಸ್ ನಿಲ್ದಾಣ ತಲುಪಿತು.

ಬೇಲಿಯ ಆಚೆ ಪದ್ಮಾದತ್ತ ನಿಂತಿದ್ದ. ಅವನ ಹಿಂದೆ ಎಂಟು ಜನ.

"ದಾಜ್ಯು, ಆರಾಮಾಗಿದ್ದೀರಾ?"

"ಆರಾಮು" ಎಂದು ಖೀಮಾನಂದರು ಮೂರು ಸಲ ಸೀನಿದರು. "ಸ್ವಲ್ಪ ಗಾಳಿ ಹಾಕ್ತಾ ಇದ್ದೆ."

"ಯಾರಿಗೆ?"

"ಗಂಡು ಗಿಡಗಳಿಗೆ."

ಪದ್ಮಾದತ್ತ ಹಿಂದೆ ತಿರುಗಿ ಎಂಟು ಜನರನ್ನೂ ಒಬ್ಬೊಬ್ಬರಾಗಿ ನೋಡಿದ. ಯಾರೂ ನಗಲಿಲ್ಲ. ಬೆಳೆದದ್ದನ್ನು ಮಾರುವವರು ಇರುತ್ತಾರೆ, ಸೇದುವವರು ಇರುತ್ತಾರೆ. ಅದಕ್ಕೆ ಗಾಳಿ ಹಾಕುವ ಹಂತ ತಲುಪಿದ ಮನುಷ್ಯನನ್ನು ಅವರು ನೋಡಿದ್ದು ಅಂದೇ ಮೊದಲು.

ಆ ವಾರ ಪರವಾನಗಿ ಕಚೇರಿಗೆ ಮೂರು ಸಹಿಯಿಲ್ಲದ ದೂರುಗಳು ಹೋದವು. ಮೂರೂ ಬೇರೆ ಬೇರೆ ಕೈಬರಹದಲ್ಲಿದ್ದವು, ಮೂರೂ ಒಂದೇ ಚಹಾಪುಡಿಯ ಪೊಟ್ಟಣದ ಹಿಂಬದಿಯಲ್ಲಿದ್ದವು.

ತನಿಖೆಗೆ ಬಂದವರು ನಿರೀಕ್ಷಕ ಸನ್ವಾಲ್ ಸಾಹೇಬರು. ತೆಳ್ಳಗಿನ ಆಳು. ಕುರ್ಚಿಯಲ್ಲಿ ಕೂರುವ ಮೊದಲು ಕುರ್ಚಿಯ ಕೆಳಗೆ ನೋಡುವವರು. ನೌಕರಿಯುದ್ದಕ್ಕೂ ಅವರು ಒಂದೇ ಸೂತ್ರ ಹಿಡಿದಿದ್ದರು: ತೋರಿಸಿದ್ದನ್ನು ಮುಟ್ಟಬಾರದು, ಮುಚ್ಚಿಟ್ಟದ್ದನ್ನು ಬಿಡಬಾರದು.

ಖೀಮಾನಂದರು ಹೊಸ ಟೋಪಿ ಹಾಕಿಕೊಂಡು ಕಡತ ಹಿಡಿದು ಕಾದಿದ್ದರು. "ಬನ್ನಿ ಸಾಹೇಬ್ರೇ, ಎಲ್ಲ ಇಲ್ಲೇ ಇದೆ. ಯಾವ ಗಿಡ ಬೇಕಾದ್ರೂ ಕತ್ತರಿಸಿ. ಅಂಕಿ ಹೇಳಿದ್ರೆ ನಾನೇ ತೋರಿಸ್ತೀನಿ."

ಸನ್ವಾಲರು ಪಾಲಿಹೌಸಿನ ಹೊಸಿಲಲ್ಲೇ ನಿಂತರು. ಸಾಲು ಸಾಲು ಗಿಡ, ಪ್ರತಿಯೊಂದಕ್ಕೂ ಬಿಲ್ಲೆ, ನೆಲದಲ್ಲಿ ಒಂದು ಒಣ ಎಲೆಯಿಲ್ಲ.

"ತುಂಬಾ ಚೆನ್ನಾಗಿಟ್ಟಿದ್ದೀರಿ, ಪಂಡಿತ್‌ಜಿ."

"ನಿಯಮದ ಪ್ರಕಾರ, ಸಾಹೇಬ್ರೇ."

"ಹೌದು. ಅತಿ ಚೆನ್ನಾಗಿದೆ." ಅವರು ಬಾಗಿಲು ಎಳೆದುಕೊಂಡರು. "ಇದು ನನಗೆ ತೋರಿಸೋಕೆ ಇಟ್ಟಿರೋದು. ಅಸಲಿ ಎಲ್ಲಿದೆ?"

ಖೀಮಾನಂದರಿಗೆ ಅರ್ಥವಾಗಲಿಲ್ಲ. ಅರ್ಥವಾಗದ ಮುಖವನ್ನು ಸನ್ವಾಲರು ತಮ್ಮ ಅನುಭವದ ಪ್ರಕಾರ ಓದಿಕೊಂಡು, ಮನೆಯನ್ನು ಒಂದು ಸುತ್ತು ಹಾಕಿ, ಕೊಟ್ಟಿಗೆಯ ಹಿಂದೆ ಹೋದರು. ಅಲ್ಲಿ ಎಮ್ಮೆಯ ಗಂಜಲ ಹರಿಯುವ ಕಡೆ ನಲವತ್ತೊಂದು ಭಂಗಿ ಗಿಡಗಳು ಬಿಲ್ಲೆಯಿಲ್ಲದೆ, ಹಾಜರಿಯಿಲ್ಲದೆ, ಮನಸ್ಸಿಗೆ ಬಂದ ಹಾಗೆ ನಿಂತಿದ್ದವು.

"ಇದೇನು?"

"ಅದು ನನ್ನದಲ್ಲ ಸಾಹೇಬ್ರೇ. ತಾನಾಗಿ ಬಂದದ್ದು."

"ನಿಮ್ಮ ಕೊಟ್ಟಿಗೆ, ನಿಮ್ಮ ಸಗಣಿ. ಗಿಡ ಮಾತ್ರ ನಿಮ್ಮದಲ್ಲ."

"ಅದನ್ನ ಮಾತ್ರ ಕತ್ತರಿಸ್ಬೇಡಿ. ಅದು ಊರಿನ ಭಂಗಿ, ಪರೀಕ್ಷೇಲಿ ನಿಲ್ಲಲ್ಲ. ಒಳಗಿನದು ತಗೊಳ್ಳಿ. ಕೈ ಮುಗೀತೀನಿ."

ಸನ್ವಾಲರ ಮುಖದಲ್ಲಿ ಅಂದು ಮೊದಲ ಬಾರಿಗೆ ಸಂತೋಷ ಕಂಡಿತು. ಕತ್ತರಿ ತೆಗೆದು ಕೊಟ್ಟಿಗೆಯ ಹಿಂದಿನ ಏಳು ಗಿಡಗಳ ತುದಿ ಕತ್ತರಿಸಿ, ಚೀಲಕ್ಕೆ ಹಾಕಿ, ಅರಗಿನ ಸೀಲು ಒತ್ತಿದರು. ಸುತ್ತ ಕೆಂಪು ಪಟ್ಟಿ ಕಟ್ಟಿಸಿದರು. ಪಾಲಿಹೌಸಿನ ಕಡೆ ಕೈಬೀಸಿ, "ಅದನ್ನ ಬೇಕಾದಾಗ ಕುಯ್ಕೊಳ್ಳಿ, ಅದು ಅಲಂಕಾರದ್ದು. ಫಲಿತಾಂಶ ಇಪ್ಪತ್ತು ದಿನದಲ್ಲಿ ಬರುತ್ತೆ. ಊರು ಬಿಟ್ಟು ಹೋಗ್ಬೇಡಿ" ಎಂದರು.

ಇಪ್ಪತ್ತು ದಿನ ಎರಡು ತಿಂಗಳಾಯಿತು. ಖೀಮಾನಂದರು ಅರ್ಧ ಇಳಿದುಹೋದರು. ಕೇಸಾದರೆ ಪಿಂಚಣಿ ನಿಲ್ಲುತ್ತದೆ. ಪಿಂಚಣಿ ನಿಂತರೆ ಮನೆಯ ಒಲೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ ಅವರನ್ನು ಸುಟ್ಟದ್ದು ಆ ಮೂವತ್ತೆರಡು ವರ್ಷ. ಬೇರೆಯವರ ತಕ್ಕಡಿಯಲ್ಲಿ ಒಂದು ಗುಂಜಿ ಹೆಚ್ಚುಕಡಿಮೆಯಾದರೂ ಹಿಡಿದ ಮನುಷ್ಯ, ಎಮ್ಮೆಯ ಹಿಂದೆ ತಾನಾಗಿ ಬಂದ ನಲವತ್ತೊಂದು ಗಿಡಕ್ಕಾಗಿ ಕೈಕೋಳ ತೊಡಬೇಕು. ಅವರಿಗೆ ಅಳು ಬರುತ್ತಿತ್ತು. ಅತ್ತರೆ ಊರು ಏನು ಅರ್ಥ ಮಾಡಿಕೊಳ್ಳುತ್ತದೋ ಎಂದು ಅದನ್ನೂ ತಡೆದುಕೊಂಡರು.

ಊರು ಸಮಾಧಾನ ಹೇಳಲು ಬರತೊಡಗಿತು. ಬಂದವರು ಬಾಗಿಲಲ್ಲೇ ಕೂತು, ನಿಟ್ಟುಸಿರು ಬಿಟ್ಟು, ಕೊನೆಗೆ ಪಾಲಿಹೌಸಿನ ಕಡೆ ನೋಡುವರು.

"ದಾಜ್ಯು, ಹೆಚ್ಚೇನೂ ಆಗಲ್ಲ. ಒಂದೆರಡು ವರ್ಷ ಅಷ್ಟೇ" ಎಂದ ಪದ್ಮಾದತ್ತ. ದೂರು ಬರೆದ ಕೈ ಅವನಿಗೆ ಈಗೀಗ ತುರಿಸುತ್ತಿತ್ತು. "ಅಂದ ಹಾಗೆ, ನೀವು ಹೋದ ಮೇಲೆ ಆ ಪ್ಲಾಸ್ಟಿಕ್ಕು ಏನು ಮಾಡ್ತೀರಿ? ನಮ್ಮ ಕೋಳಿಗೂಡು ಸೋರ್ತಾ ಇದೆ."

ಗೋವಿಂದಿ ಒಳಗಿನಿಂದ ಒಲೆಯ ಊದುಗೊಳವೆ ಹಿಡಿದು ಹೊರಬಂದಳು. ಪದ್ಮಾದತ್ತನಿಗೆ ಅಂಗಡಿಯ ಹಾಲು ನೆನಪಾಯಿತು.

ಈ ನಡುವೆ ಒಳಗಿನ ಬೆಳೆ ಕುಯಿಲಿಗೆ ಬಂತು. ಖೀಮಾನಂದರಿಗೆ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ. ಆಮಾ ಮತ್ತು ಗೋವಿಂದಿ ಬಡಿದು, ತೂರಿ, ಕಾಳನ್ನು ತಗಡಿನ ಡಬ್ಬಗಳಿಗೆ ತುಂಬಿದರು. ಮೊರ ಮತ್ತೆ ತನ್ನ ಹಳೆಯ ಕೆಲಸಕ್ಕೆ ಸೇರಿಕೊಂಡಿತು.

ಪುಷ್ಯ ಮಾಸದ ಒಂದು ಬೆಳಿಗ್ಗೆ ಸನ್ವಾಲರ ಜೀಪು ತಿರುವಿನಲ್ಲಿ ಕಂಡಿತು. ಕಾಲು ಗಂಟೆಯಲ್ಲಿ ಊರೆಲ್ಲ ಖೀಮಾನಂದರ ಅಂಗಳದಲ್ಲಿತ್ತು. ಬಂಧನ ನೋಡಲು ಬಂದೆವು ಎನ್ನುವಂತಿಲ್ಲವಲ್ಲ, ಆದ್ದರಿಂದ ಪ್ರತಿಯೊಬ್ಬರೂ ಒಂದೊಂದು ದೊಡ್ಡ ಬೆಟ್ಟದ ನಿಂಬೆ ಹಿಡಿದು, ಆಮಾರನ್ನು ನೋಡಿ ಹೋಗಲು ಬಂದಿದ್ದರು. ಹದಿನೆಂಟು ನಿಂಬೆ ಸೇರಿತು. ಎಳೆ ಬಿಸಿಲು, ಅಂಗಳದ ತುಂಬ ಜನ, ರಾಶಿ ನಿಂಬೆ. ಇಷ್ಟಿದ್ದ ಮೇಲೆ ಆ ಸೀಮೆಯ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಯಾರೂ ಹೇಳದೆಯೇ ಸಿಪ್ಪೆ ಸುಲಿಯುವುದು, ಮೂಲಂಗಿ ಹೆಚ್ಚುವುದು ಶುರುವಾಯಿತು. ಆಮಾ ಭಂಗಿ ಕಾಳು ಹುರಿದು ಅರೆದು, ಮೊಸರು, ಬೆಲ್ಲ, ಉಪ್ಪು, ಖಾರ ಹಾಕಿ, ದೊಡ್ಡ ಪರಾತದಲ್ಲಿ ನಿಂಬೆ ಕಲಸಿದರು.

ಸನ್ವಾಲರು ಬಂದು, ಕುರ್ಚಿಯ ಕೆಳಗೆ ನೋಡಿ, ಕೂತರು. ಗೋವಿಂದಿ ಎಲೆಯ ಮೇಲೆ ನಿಂಬೆ ಇಟ್ಟು ಕೊಟ್ಟಳು. ಅವರು ಮೊದಲು ಬೇರೆಯವರು ತಿನ್ನುವುದನ್ನು ನೋಡಿ, ನಂತರ ಬಾಯಿಗಿಟ್ಟರು. ಎಲೆ ಖಾಲಿಯಾಯಿತು. ಇನ್ನೊಂದು ಎಲೆ ಬಂತು. ಅದೂ ಖಾಲಿಯಾದ ಮೇಲೆ ಬೆರಳು ನೆಕ್ಕಿ, ಒರೆಸಿಕೊಂಡು, ಲಕೋಟೆ ತೆಗೆದರು. ಊರು ಜಗಿಯುವುದನ್ನು ನಿಲ್ಲಿಸಿತು.

"ಪಂಡಿತ್‌ಜಿ, ಜಿಲ್ಲೆಯಲ್ಲೇ ಅತಿ ಕಡಿಮೆ. ನಾನೇ ಎರಡು ಸಲ ಪರೀಕ್ಷೆ ಮಾಡಿಸಿದೆ. ನಿಮ್ಮ ಗಿಡದಲ್ಲಿ ಅಮಲು ಬರಿಸೋ ಅಂಶ ಇಲ್ಲವೇ ಇಲ್ಲ ಅನ್ನಬಹುದು. ನಾನು ಅನುಮಾನ ಪಟ್ಟದ್ದು ತಪ್ಪು. ಇದು ಇಲಾಖೆಯ ಅಭಿನಂದನಾ ಪತ್ರ."

ಖೀಮಾನಂದರು ಪತ್ರ ಹಿಡಿದು ನಿಂತರು. ಬದುಕಿದೆ ಅನ್ನಿಸುವ ಮೊದಲೇ ಅವರೊಳಗಿನ ಗುಮಾಸ್ತ ಎದ್ದು ಕೂತಿದ್ದ. "ಅದು ಹೇಗಾಗುತ್ತೆ? ಕೊಟ್ಟಿಗೆ ಹಿಂದಿನದು ಊರಿನ ಭಂಗಿ ತಾನೇ?"

"ಊರಿನದಲ್ಲ, ನಿನ್ನ ಸರ್ಕಾರದ್ದು" ಎಂದರು ಆಮಾ, ಪರಾತದಿಂದ ತಲೆಯೆತ್ತದೆ. "ಆ ಸಪ್ಪೆ ಬೀಜಾನ ಹೊಲಕ್ಕೆ ಬಿತ್ತಿ ನಾಲ್ಕು ಜನರ ಮುಂದೆ ಮರ್ಯಾದೆ ಕಳ್ಕೊಳ್ತೀಯಲ್ಲ ಅಂತ, ಕೊಟ್ಟಿಗೆ ಹಿಂದೆ ಎದ್ದಿದ್ದ ನಮ್ಮ ಸಸಿ ಕಿತ್ತು ಅಲ್ಲಿ ಅದನ್ನ ಚೆಲ್ಲಿದೆ. ಡಬ್ಬಿಗೆ ನಮ್ಮತ್ತೆಯ ಬೀಜ ತುಂಬ್ಕೊಟ್ಟೆ. ನೀನು ಗಾಳಿ ಹಾಕಿದ್ದು ನಮ್ಮನೇದಕ್ಕೇ."

ಎಲ್ಲರ ಕೈಯಲ್ಲೂ ಎಲೆ, ಎಲೆಯಲ್ಲಿ ನಿಂಬೆ. ಪದ್ಮಾದತ್ತ ಒಂದು ತುಂಡು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ. ಅವನ ಅಜ್ಜಿಯ ಕಾಲದಿಂದ ತಿಂದ ರುಚಿ. ಅದೇ ಕಾಳು. ಬೀಗದೊಳಗಿದ್ದದ್ದು ಕೊನೆಗೂ ಊರಿನದೇ. ಅವನು ಕಣ್ಣು ತೆರೆದು ಖೀಮಾನಂದರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿದ. ಹಿಂದಿನಿಂದ ಗೋವಿಂದಿ ಅವರ ಕೋಟು ಎಳೆದಳು. ಮುದುಕಿಯ ಗೊಣಗಾಟವೆಂದು ಸನ್ವಾಲರು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ, ಸುಮ್ಮನಿದ್ದರೆ ಮುಗಿಯಿತು. ಪತ್ರ ಕೈಯಲ್ಲಿದೆ, ಪಿಂಚಣಿ ಉಳಿದಿದೆ, ಹೆಸರು ಉಳಿದಿದೆ.

ಅಷ್ಟರಲ್ಲಿ ಸನ್ವಾಲರು ಆಕಳಿಸುವವರಂತೆ ಹೇಳಿದರು, "ಈ ನಿಂಬೆಗೆ ಹಾಕಿದ ಕಾಳು ಒಳಗಿನದಾ? ನನ್ನ ಹೆಂಡತಿ ಪಿಥೌರಾಗಢದವಳು, ಈ ಕಾಳು ತಿಂದೇ ಬೆಳೆದವಳು. ಪೇಟೇಲಿ ಒಳ್ಳೆ ಕಾಳು ಸಿಗಲ್ಲ ಅಂತ ಪ್ರತಿ ಚಳಿಗಾಲ ಗೋಳು. ಒಂದು ಚೀಲ ಕಟ್ಟಿಕೊಡಿ."

ಖೀಮಾನಂದರು ಟೋಪಿ ಸರಿಮಾಡಿಕೊಂಡರು. "ಸಾಹೇಬ್ರೇ, ಬರ್ಕೊಳ್ಳಿ. ಒಳಗೆ ಬೆಳೆದದ್ದು ಸರ್ಕಾರದ ಬೀಜ ಅಲ್ಲ. ನನ್ನ ತಾಯಿ ಬದಲಾಯಿಸಿದ್ದಾರೆ. ನೀವು ಪರೀಕ್ಷೆ ಮಾಡಿಸಿದ್ದು ಬೇರೆ, ತಿಂದದ್ದು ಬೇರೆ. ನನಗೆ ಗೊತ್ತಿರಲಿಲ್ಲ, ಆದ್ರೆ ಹೊಣೆ ನನ್ನದೇ."

ಯಾರೋ ರಾಮ ರಾಮ ಎಂದರು. ಗೋವಿಂದಿ ಕೋಟು ಬಿಟ್ಟು ಹಣೆ ಹಿಡಿದುಕೊಂಡಳು.

ಸನ್ವಾಲರು ಅವರನ್ನು ನೋಡಿದರು, ಆಮಾರನ್ನು ನೋಡಿದರು, ಡಬ್ಬಗಳನ್ನು ನೋಡಿದರು. ನಿಧಾನವಾಗಿ ಮುಗುಳ್ನಕ್ಕರು.

"ಪಂಡಿತ್‌ಜಿ, ನನ್ನ ನೌಕರೀಲಿ ತಾನಾಗಿ ಬಂದು ತಪ್ಪೊಪ್ಪಿಕೊಂಡವನನ್ನ ನಾನು ನೋಡಿಲ್ಲ. ನಾನು ಕಾಳು ಕೇಳಿದ ಮೇಲೆ ತಾನೇ ನಿಮಗೆ ಇದೆಲ್ಲ ನೆನಪಾದದ್ದು? ಕೊಡೋಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನಿ. ಮುದುಕಿ ಮೇಲೆ ಕತೆ ಯಾಕೆ ಕಟ್ತೀರಿ?"

"ಕತೆ ಅಲ್ಲ ಸಾಹೇಬ್ರೇ, ನಿಜ. ಬೇಕಾದ್ರೆ ಪ್ರಮಾಣಪತ್ರ ಬರೆದು ಕೊಡ್ತೀನಿ."

"ನೋಡಿ, ಪ್ರಮಾಣಪತ್ರದ ತನಕ ಬಂದ್ರಿ. ಅಷ್ಟು ಜಿಪುಣತನವಾ?"

ಆಮಾಗೆ ಕನಿಕರವಾಯಿತು. "ಸರ್ಕಾರದವನು ಕೇಳ್ತಾ ಇದ್ದಾನೆ, ಅವನದ್ದೇ ಅವನಿಗೆ ಕೊಡೋಣ" ಎಂದು ಕೊಟ್ಟಿಗೆಯ ಹಿಂದಿನ ಕಾಳು ತರಲು ಎದ್ದರು.

"ಅಮ್ಮಾ, ನಿಲ್ಲಿ" ಎಂದರು ಸನ್ವಾಲರು ಜಾಗೃತರಾಗಿ. "ಅದು ಬೇಡ. ನಿಮ್ಮ ಹಿಂದೆ ಮುಚ್ಚಿಟ್ಟಿದ್ದೀರಲ್ಲ, ಆ ಡಬ್ಬದ್ದು."

ಆ ಡಬ್ಬದ್ದನ್ನೇ ಕೊಟ್ಟರು. ಸನ್ವಾಲರು ಚೀಲದ ಬಾಯಿಯನ್ನು ಸ್ವತಃ ಕಟ್ಟಿ, ಯಾರೂ ಬದಲಾಯಿಸದ ಹಾಗೆ ಜೀಪಿನ ತನಕ ಎದೆಗವಚಿಕೊಂಡು ಹೋದರು.

ಜೀಪು ತಿರುವು ದಾಟಿದ ಮೇಲೆ ಪದ್ಮಾದತ್ತ ಖೀಮಾನಂದರ ಕಾಲು ಮುಟ್ಟಿದ. "ದಾಜ್ಯು, ನಿಮ್ಮನ್ನ ನಾವು ಅರ್ಥ ಮಾಡ್ಕೊಳ್ಳಲಿಲ್ಲ. ಪರವಾನಗಿ ಗೋಡೆ ಮೇಲೆ, ಸರ್ಕಾರಿ ಗಿಡ ಎಮ್ಮೆ ಹಿಂದೆ, ನಮ್ಮದು ಬೀಗದೊಳಗೆ. ಕೊನೆಗೆ ನಿಜವನ್ನೇ ಹೇಳಿ ಸಾಹೇಬನನ್ನ ಮಂಗ ಮಾಡಿದ್ರಿ. ಇದನ್ನ ಎಷ್ಟು ವರ್ಷದಿಂದ ಯೋಚನೆ ಮಾಡಿದ್ರಿ?"

"ನನಗೇನೂ ಗೊತ್ತಿರಲಿಲ್ಲ ಕಣೋ."

"ಹಾಗೇ ಅನ್ನಬೇಕು" ಎಂದು ಪದ್ಮಾದತ್ತ ಉಳಿದವರ ಕಡೆ ತಿರುಗಿ ತಲೆಯಾಡಿಸಿದ. ಎಲ್ಲರೂ ತಲೆಯಾಡಿಸಿದರು. ಮೂವತ್ತೆರಡು ವರ್ಷದ ಪ್ರಾಮಾಣಿಕತೆಗೆ ಸಿಗದ ಗೌರವ ಖೀಮಾನಂದರಿಗೆ ಅಂದು ಸಿಕ್ಕಿತು. ಅವರು ಎಷ್ಟೇ ನಿಜ ಹೇಳಿದರೂ ಅದು ಹೆಚ್ಚುತ್ತಲೇ ಹೋಯಿತು. ನಲ್ಲಿಯ ಹತ್ತಿರ ಗೋವಿಂದಿಯ ಬಿಂದಿಗೆಯನ್ನು ಎಲ್ಲರಿಗಿಂತ ಮುಂದೆ ಇಡತೊಡಗಿದರು.

ಮಳೆಗಾಲದಲ್ಲಿ ಪರವಾನಗಿ ನವೀಕರಿಸಬೇಕಿತ್ತು. ಖೀಮಾನಂದರು ಚೀಲ ಹಿಡಿದು ಕಚೇರಿಗೆ ಹೋದರು. ಸಾಹೇಬರು ಮನೆಯಲ್ಲಿದ್ದಾರೆ, ಹಿಂದೆಯೇ ಅವರ ಕ್ವಾರ್ಟರ್ಸು, ಹೋಗಿ ಬನ್ನಿ ಎಂದರು ಅಲ್ಲಿದ್ದವರು. ಬಾಗಿಲು ತಟ್ಟಿದರೆ ಯಾರೂ ಬರಲಿಲ್ಲ. ಪಕ್ಕದಿಂದ ಸುತ್ತಿ ಹಿತ್ತಲಿಗೆ ಹೋದರು.

ಹಿತ್ತಲಲ್ಲಿ ಪಾತ್ರೆ ತೊಳೆದ ನೀರು ಹರಿಯುವ ಕಡೆ ಭಂಗಿ ಗಿಡಗಳು ಭುಜದೆತ್ತರಕ್ಕೆ ಸೊಂಪಾಗಿ ನಿಂತಿದ್ದವು. ಎಲೆಯ ಬಣ್ಣ, ಗೆಣ್ಣಿನ ಕೆಂಪು, ವಾಸನೆ, ಯಾವುದನ್ನೂ ಖೀಮಾನಂದರಿಗೆ ಪರಿಚಯ ಮಾಡಿಕೊಡಬೇಕಿರಲಿಲ್ಲ. ನಡುವೆ ಸನ್ವಾಲರು ಲುಂಗಿ ಎತ್ತಿಕಟ್ಟಿ, ಬಕೆಟ್ಟು ಹಿಡಿದು ನೀರು ಹಾಕುತ್ತಿದ್ದರು. ಇಬ್ಬರ ಕಣ್ಣೂ ಕೂಡಿದವು.

ಸನ್ವಾಲರು ಬಕೆಟ್ಟನ್ನು ಬೆನ್ನ ಹಿಂದೆ ಮಾಡಿಕೊಂಡರು.

"ತಾನಾಗಿ ಬಂದದ್ದು" ಎಂದರು.

ಖೀಮಾನಂದರು ತಲೆಯಾಡಿಸಿದರು. ನವೀಕರಣದ ಅರ್ಜಿ ಮುಂದೆ ಹಿಡಿದರು. ಸನ್ವಾಲರು ಓದದೆ, ಕೆಳಗೆ ಮೇಲೆ ನೋಡದೆ, ಒದ್ದೆ ಕೈಯಲ್ಲೇ ಸಹಿ ಹಾಕಿದರು. ಖೀಮಾನಂದರು ಶಾಯಿ ಆರುವ ತನಕ ಊದಿ, ಮಡಿಸಿ, ಜೇಬಿಗಿಟ್ಟುಕೊಂಡರು. ಆಮೇಲೆ ಚೀಲದೊಳಗೆ ಕೈಹಾಕಿ, ಇನ್ನೊಂದು ಖಾಲಿ ಅರ್ಜಿ ತೆಗೆದು, ತೊಳೆಯುವ ಕಲ್ಲಿನ ಒಣ ಜಾಗ ನೋಡಿ ಅಲ್ಲಿಟ್ಟರು.

"ಇರಲಿ ಸಾಹೇಬ್ರೇ" ಎಂದರು. "ನಾನು ಯಾವಾಗ್ಲೂ ಒಂದು ಹೆಚ್ಚಿಗೆ ತಂದಿರ್ತೀನಿ."